ಮನೆಮಂದಿಯೆಲ್ಲಾ ಗೋವಾ ಕಡಲಿಗೆ ಇಳಿಯುವುದು ಹೇಗೆ?

ಡಿಸೆಂಬರ್ ರಜೆ ಬಂತೆಂದರೆ ಕೊಲ್ವಾ ಬೀಚಿನ ಪಾರ್ಕಿಂಗ್ ತುಂಬಾ ಕೆಎ ನಂಬರಿನ ಗಾಡಿಗಳು. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ವಿಜಯಪುರ. ಅಜ್ಜ, ಅಜ್ಜಿ, ಮಗ, ಸೊಸೆ, ಅಳಿಯ, ಮೊಮ್ಮಕ್ಕಳು ಎಲ್ಲರೂ ಒಂದೇ ಟೆಂಪೋ ಟ್ರಾವೆಲರ್‌ನಲ್ಲಿ. ಗಾಡಿ ನಿಂತು ಐದು ನಿಮಿಷ ಆಗಿರುವುದಿಲ್ಲ, ಎಲ್ಲರೂ ನೀರಲ್ಲಿರುತ್ತಾರೆ. ಚಪ್ಪಲಿ ಒಂದು ಕಡೆ, ಮೊಬೈಲು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಗೋವಾದಲ್ಲೇ ವಾಸವಿರುವ ನನಗೆ ಇದನ್ನು ನೋಡಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ. ರೂಮು ಹುಡುಕಲು ವಾರಗಟ್ಟಲೆ ಕೂರುವ ನಮ್ಮ ಜನ, ನೀರಿಗೆ ಎಲ್ಲಿ ಇಳಿಯಬೇಕು ಎಂದು ಒಂದು ನಿಮಿಷವೂ ಯೋಚಿಸುವುದಿಲ್ಲ. ಹಾಗಾಗಿ ಟಿಕೆಟ್ಟು, ರೂಮಿನ ಮಾತು ಬೇಗ ಮುಗಿಸುತ್ತೇನೆ. ಜಾಸ್ತಿ ಜಾಗ ನೀರಿಗೆ.

ಯಾವಾಗ ಬರಬೇಕು

ನವೆಂಬರ್‌ನಿಂದ ಫೆಬ್ರವರಿ. ಕಡಲು ಶಾಂತ, ಬಿಸಿಲು ಸಹಿಸಬಹುದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬಿಟ್ಟುಬಿಡಿ. ರೂಮಿನ ಬಾಡಿಗೆ ಏರಿರುತ್ತದೆ, ರಸ್ತೆಯಲ್ಲಿ ಗಾಡಿ ಸರಿಯುವುದಿಲ್ಲ. ಏಪ್ರಿಲ್, ಮೇ ರಜೆಯಲ್ಲೇ ಬರಬೇಕಾದರೆ ಬನ್ನಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಬೀಚು ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಯೋಚನೆಯೇ ಬೇಡ. ಮಳೆಗಾಲದ ಗೋವಾ ಬಹಳ ಚೆಂದ. ಹಸಿರು ನೋಡಲು, ಪಣಜಿಯ ಹಳೇ ಬೀದಿಗಳಲ್ಲಿ ಸುತ್ತಲು ಖಂಡಿತ ಬನ್ನಿ. ಕಡಲು ಮಾತ್ರ ಆಗ ಬೇರೆಯೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಮೀನಿನ ಸಂತಾನ ಬೆಳೆಯಲಿ ಎಂಬುದು ಅದರ ಮುಖ್ಯ ಕಾರಣ, ಕಡಲಿನ ಅಬ್ಬರವೂ ಒಂದು ಕಾರಣ. ಹುಟ್ಟಿದಾಗಿನಿಂದ ಕಡಲು ನೋಡಿದವರೇ ದೋಣಿ ದಡಕ್ಕೆ ಎಳೆದಿಟ್ಟಿರುವಾಗ, ‘ಮೊಣಕಾಲವರೆಗೆ ಅಷ್ಟೇ’ ಎಂದು ನಾವು ಇಳಿಯುವುದು ತಪ್ಪು.

ಬರುವುದು, ಉಳಿಯುವುದು

ಯಶವಂತಪುರದಿಂದ ವಾಸ್ಕೋಗೆ ರೈಲಿದೆ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರ ಜಲಪಾತದ ಪಕ್ಕದಲ್ಲೇ ಘಾಟಿ ಇಳಿದು ಮಡಗಾಂವ್‌ಗೆ ಬರುತ್ತದೆ. ಮಕ್ಕಳಿದ್ದರೆ ನನ್ನ ಓಟು ರೈಲಿಗೇ. ವಿಮಾನದಲ್ಲಿ ಬರುವವರು ಟಿಕೆಟ್ ತೆಗೆಯುವ ಮುಂಚೆ ನಿಲ್ದಾಣದ ಹೆಸರು ನೋಡಿ. 2023ರಿಂದ ಗೋವಾಕ್ಕೆ ಎರಡು ವಿಮಾನ ನಿಲ್ದಾಣಗಳು. ದಾಬೋಲಿಂ ವಾಸ್ಕೋ ಹತ್ತಿರ, ಮೋಪಾ ಉತ್ತರದ ತುದಿಯಲ್ಲಿ. ಪಾಲೋಲೆಂನಲ್ಲಿ ರೂಮು ಮಾಡಿ ಮೋಪಾದಲ್ಲಿ ಇಳಿದರೆ ಗೋವಾವನ್ನು ಉದ್ದಕ್ಕೂ ಟ್ಯಾಕ್ಸಿಯಲ್ಲಿ ದಾಟಬೇಕಾಗುತ್ತದೆ. ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲೇ ಖರ್ಚಾಗುತ್ತದೆ.

ಬಾಡಿಗೆಗೆ ಸ್ಕೂಟರ್ ಅಥವಾ ಕಾರು ತೆಗೆದುಕೊಂಡರೆ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಕಡಿಮೆ ದುಡ್ಡಿಗೆ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಾನೂನುಬಾಹಿರ. ಅಪಘಾತವಾದರೆ ವಿಮೆಯ ವಿಷಯದಲ್ಲಿ ಒದ್ದಾಡುವವರು ನೀವೇ.

ಬೀಚು ಆರಿಸುವುದು

ಮನೆಯ ಅತಿ ಚಿಕ್ಕ ಮಗು ಮತ್ತು ಅತಿ ಹಿರಿಯರು ಯಾರೋ, ಅವರಿಗೆ ಹೊಂದುವ ಬೀಚು ಆರಿಸಿ. ಕಾಲೇಜು ಓದುವ ಮಗನ ಮಾತು ಕೇಳಿ ಬಾಗಾದಲ್ಲಿ ರೂಮು ಮಾಡಿದರೆ ರಾತ್ರಿಯೆಲ್ಲ ಸಂಗೀತದ ಅಬ್ಬರಕ್ಕೆ ಅಜ್ಜಿಗೆ ನಿದ್ದೆ ಬರುವುದಿಲ್ಲ.

ಕುಟುಂಬಕ್ಕೆ ದಕ್ಷಿಣ ಗೋವಾನೇ ಸರಿ. ನನ್ನ ಮೊದಲ ಆಯ್ಕೆ ಪಾಲೋಲೆಂ. ಅರ್ಧಚಂದ್ರದ ಹಾಗೆ ಬಾಗಿದ ತೀರ, ಎರಡೂ ತುದಿಗೆ ಬಂಡೆಗಳ ಆಸರೆ, ಹೀಗಾಗಿ ಅಲೆ ಮೆತ್ತಗೆ. ಕಾರವಾರದ ಕಡೆಯಿಂದ ಬರುವವರಿಗೆ ಗಡಿ ದಾಟಿದರೆ ಹತ್ತಿರ. ಬಾಣಾವಲಿ, ವಾರ್ಕಾ ಕಡೆ ಬಿಳಿ ಮರಳಿನ ಅಗಲವಾದ ತೀರ, ಜನ ಕಡಿಮೆ, ಮಕ್ಕಳಿಗೆ ಓಡಲು ಜಾಗ. ಅಲ್ಲಿ ಅಲೆ ಪಾಲೋಲೆಂಗಿಂತ ಜೋರು ಎಂಬುದು ನೆನಪಿರಲಿ. ಆಗೊಂದ ಬೀಚಿನಷ್ಟು ನೋಡಲು ಸೊಗಸಾದದ್ದು ಇನ್ನೊಂದಿಲ್ಲ, ಕಡಲಾಮೆಗಳು ಮೊಟ್ಟೆಯಿಡುವ ಜಾಗ ಬೇರೆ. ಆದರೆ ನೀರಿನ ಸೆಳೆತ ಜಾಸ್ತಿ. ಸಂಜೆ ನಡೆದಾಡಲು ಹೋಗಿ, ಮಕ್ಕಳನ್ನು ನೀರಿಗೆ ಬಿಡಲು ಬೇಡ. ಪಣಜಿಯ ಮೀರಾಮಾರ್‌ಗೂ ಇದೇ ಮಾತು. ಅಲ್ಲಿ ಮಾಂಡೋವಿ ನದಿ ಕಡಲಿಗೆ ಸೇರುತ್ತದೆ. ನದಿ, ಹಳ್ಳ ಕಡಲಿಗೆ ಬೀಳುವ ಯಾವ ಜಾಗದಲ್ಲೂ ನೀರಾಟ ಬೇಡವೇ ಬೇಡ. ಮೇಲೆ ಕೆರೆಯಂತೆ ಕಾಣುವ ನೀರಿನ ಅಡಿಯಲ್ಲಿ ಹರಿವು ಜೋರಾಗಿರುತ್ತದೆ.

ಏನು ತರಬೇಕು, ಏನು ಬೇಡ

ಬಟ್ಟೆ ಮುಖ್ಯ. ಜೀನ್ಸ್ ಹಾಕಿಕೊಂಡು ನೀರಿಗಿಳಿಯುವವರನ್ನು ಇವತ್ತಿಗೂ ನೋಡುತ್ತೇನೆ. ಒದ್ದೆಯಾದ ಜೀನ್ಸ್ ಭಾರಕ್ಕೆ ಕಾಲೇ ಏಳುವುದಿಲ್ಲ. ಸೀರೆಯ ನೆರಿಗೆ, ಚೂಡಿದಾರದ ದುಪಟ್ಟಾ ಅಲೆಗೆ ಸಿಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತವೆ. ತೆಳು ನೈಲಾನಿನ ಟ್ರ್ಯಾಕ್ ಪ್ಯಾಂಟು, ಪೂರ್ತಿ ತೋಳಿನ ಟೀಶರ್ಟು ಎಲ್ಲರಿಗೂ ಆಗುತ್ತದೆ. ಮಕ್ಕಳಿಗೆ ಕಿತ್ತಳೆ, ಕೆಂಪು, ಕಣ್ಣಿಗೆ ಹೊಡೆಯುವ ಹಳದಿ ಬಣ್ಣವನ್ನೇ ಹಾಕಿ. ನೀಲಿ, ಬಿಳಿ, ಬೂದು ಬೇಡ. ನೀಲಿ ಅಂಗಿಯ ಮಗು ನೀರಲ್ಲಿ ಮುಳುಗಿದರೆ ಹತ್ತು ಅಡಿ ದೂರದಿಂದಲೂ ಕಾಣುವುದು ಕಷ್ಟ, ನೊರೆಯಲ್ಲಿ ಬಿಳಿಯೂ ಅಷ್ಟೇ.

ಗಾಳಿ ತುಂಬುವ ಟ್ಯೂಬು, ಬಾತುಕೋಳಿ, ತೇಲುವ ಹಾಸಿಗೆ ಇವನ್ನು ಮಾತ್ರ ದಯವಿಟ್ಟು ತರಬೇಡಿ. ಬೀಚಿನ ರಸ್ತೆಯ ಅಂಗಡಿಗಳಲ್ಲೂ ನೇತು ಹಾಕಿರುತ್ತಾರೆ, ಮಕ್ಕಳು ಹಟ ಮಾಡುತ್ತವೆ. ಅವು ಈಜುಕೊಳಕ್ಕೆ ಸರಿ. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿಂದ ನೆಲಕ್ಕೆ ತಿರುಗುತ್ತದೆ. ಬೆಳಿಗ್ಗೆ ಟ್ಯೂಬಿನಲ್ಲಿ ಕೂತ ಮಗುವನ್ನು ಆ ಗಾಳಿ ಸದ್ದಿಲ್ಲದೆ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಹಿಂದೆ ಓಡುವ ಅಪ್ಪನಿಗೆ ಎದೆಮಟ್ಟ ನೀರು ಬಂದಿರುತ್ತದೆ, ಟ್ಯೂಬು ಇನ್ನೂ ಮುಂದೆ ಹೋಗುತ್ತಿರುತ್ತದೆ.

ಮೊಬೈಲಿಗೆ ಹಾಕುವ ಪ್ಲಾಸ್ಟಿಕ್ ಪೌಚು ಕೊಂಡರೆ, ಮೊದಲು ಒಳಗೆ ಒಂದು ಟಿಶ್ಯೂ ಕಾಗದ ಇಟ್ಟು ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿಯೇ ಇದ್ದರೆ ಮೊಬೈಲು ಹಾಕಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಲಿ. ಬೆಳ್ಳಗಾಗುವ ಕ್ರೀಮಿನ ಡಬ್ಬಿ ಮೇಲೆ ಎಸ್‌ಪಿಎಫ್ 15 ಎಂದು ಬರೆದದ್ದು ಕಡಲ ಬಿಸಿಲಿಗೆ ಸಾಲದು. ಹೊರಡುವ 20 ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ನೀರಿಂದ ಎದ್ದು ಮೈ ಒರೆಸಿದ ಮೇಲಂತೂ ಹಚ್ಚಲೇಬೇಕು. ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ನೆರಳೇ ಬೇಕು.

ಇನ್ನು ಗ್ಯಾಸು, ಒಲೆ, ಪಾತ್ರೆ. ಬೀಚಿನಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು, ಬಾಟಲಿ ಒಡೆಯುವುದು ಗೋವಾದಲ್ಲಿ ಕಾನೂನು ಪ್ರಕಾರ ನಿಷೇಧ, ದಂಡ ಬೀಳುತ್ತದೆ. ಮರಳಿನ ಮೇಲೆ ಗಾಡಿ ಇಳಿಸುವುದಕ್ಕೂ ಹಾಗೆಯೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರುಮುರಿ ಕಟ್ಟಿಕೊಂಡು ಬನ್ನಿ, ಯಾರೂ ಬೇಡ ಅನ್ನುವುದಿಲ್ಲ. ಊಟಕ್ಕೆ ಮಡಗಾಂವ್, ಪಣಜಿ, ಮಾಪುಸಾದಲ್ಲಿ ಸಸ್ಯಾಹಾರಿ ಹೋಟೆಲ್‌ಗಳಿವೆ. ಮೀನು ತಿನ್ನುವವರು ಬೀಚಿನ ಶ್ಯಾಕ್ ಎಂಬ ಗುಡಿಸಲು ಹೋಟೆಲಿಗಿಂತ ಊರೊಳಗಿನ ಸಣ್ಣ ಖಾನಾವಳಿಯಲ್ಲಿ ಫಿಶ್ ಥಾಲಿ ತಿನ್ನಿ. ಶ್ಯಾಕ್‌ನಲ್ಲೇ ತಿನ್ನುವುದಾದರೆ ಮೀನನ್ನು ತೂಗಿಸಿ, ರೇಟು ಕೇಳಿ, ಆಮೇಲೆ ಹುರಿಯಲು ಹೇಳಿ.

ನೀರಿಗೆ ಇಳಿಯುವ ಮುಂಚೆ

ಈಗ ಮುಖ್ಯ ಮಾತಿಗೆ ಬರೋಣ. ನೀರಿನ ಹತ್ತಿರ ಬಂದ ಮೇಲೆ ಹತ್ತು ನಿಮಿಷ ಯಾರೂ ಇಳಿಯಬೇಡಿ. ಮಕ್ಕಳಿಗೆ ಮರಳಲ್ಲಿ ಗೋಪುರ ಕಟ್ಟಲು ಹೇಳಿ. ದೊಡ್ಡವರಲ್ಲಿ ಇಬ್ಬರು ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಕಡಲನ್ನು ಸುಮ್ನೆ ನೋಡಿ. ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಗುಂಪಾಗಿ ಬರುತ್ತವೆ, ನಡುವೆ ಕಡಲು ಸುಮ್ಮನಿರುತ್ತದೆ. ಸುಮ್ಮನಿದ್ದ ಹೊತ್ತಲ್ಲಿ ಬಂದವರು ‘ಇವತ್ತು ಅಲೆಯೇ ಇಲ್ಲ’ ಎಂದು ಇಳಿಯುತ್ತಾರೆ. ಹತ್ತು ನಿಮಿಷ ಕಾದರೆ ದೊಡ್ಡವು ಎಷ್ಟು ದೊಡ್ಡವು ಎಂದು ತಿಳಿಯುತ್ತದೆ.

ನೋಡಬೇಕಾದ ಇನ್ನೊಂದು ಸಂಗತಿ ಅಲೆ ಒಡೆಯುವ ಬಿಳಿ ಗೆರೆ. ಆ ಗೆರೆ ತೀರದ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ನಡುವೆ ಒಂದೊಂದು ಕಡೆ ನೊರೆಯೇ ಇಲ್ಲದ ಜಾಗ ಕಾಣುತ್ತದೆ. ಎರಡೂ ಪಕ್ಕ ಅಲೆ ಒಡೆಯುತ್ತಿರುತ್ತದೆ, ಅಲ್ಲಿ ಮಾತ್ರ ನೀರು ಸಪಾಟು, ಬಣ್ಣ ಸ್ವಲ್ಪ ಗಾಢ. ಮಕ್ಕಳನ್ನು ಕರೆದುಕೊಂಡು ಬಂದವರು ನೇರವಾಗಿ ಅಲ್ಲಿಗೇ ಹೋಗುತ್ತಾರೆ, ‘ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೇದು’ ಅಂತ. ಇಡೀ ಬೀಚಿನಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಕಾರಣ ಕೇಳಿ. ಪ್ರತಿ ಅಲೆಯೂ ದಡಕ್ಕೆ ನೀರು ತಂದು ಹಾಕುತ್ತದೆ. ಆ ನೀರು ವಾಪಸ್ ಹೋಗಬೇಕಲ್ವಾ? ನೀರಿನಡಿ ಮರಳಿನ ದಿಬ್ಬಗಳಿರುತ್ತವೆ, ಅಲೆ ಒಡೆಯುವುದು ಆ ದಿಬ್ಬಗಳ ಮೇಲೆ. ಎರಡು ದಿಬ್ಬಗಳ ನಡುವೆ ಆಳದ ಕಾಲುವೆಯಂಥ ಜಾಗ ಸಿಕ್ಕರೆ ಎಲ್ಲ ನೀರೂ ಅಲ್ಲಿಂದಲೇ ನುಗ್ಗಿ ಕಡಲಿಗೆ ಮರಳುತ್ತದೆ. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಶಾಂತವಾಗಿ ಕಾಣುತ್ತದೆ. ಲೈಫ್‌ಗಾರ್ಡ್‌ಗಳು ಇದನ್ನು ರಿಪ್ ಕರೆಂಟ್ ಅನ್ನುತ್ತಾರೆ. ಜೋರಾಗಿದ್ದಾಗ ಸೆಕೆಂಡಿಗೆ ಎರಡು ಮೀಟರಿಗಿಂತ ವೇಗವಾಗಿ ಹರಿಯಬಲ್ಲದು. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆದುರಾಗಿ ಈಜಿ ಗೆಲ್ಲುವುದು ಕಷ್ಟ. ಇಳಿತದ ಹೊತ್ತಲ್ಲಿ, ಅಂದರೆ ಕಡಲ ನೀರು ಹಿಂದೆ ಸರಿಯುವಾಗ, ಇದರ ಜೋರು ಸಾಮಾನ್ಯವಾಗಿ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಭರತ-ಇಳಿತ ದೊಡ್ಡದು. ಊರಿಂದ ಹೊರಡುವಾಗ ಗೋಡೆಯ ಕ್ಯಾಲೆಂಡರ್ ನೋಡಿಕೊಂಡೇ ಬನ್ನಿ. ಇಳಿತ ಇಂದು ಎಷ್ಟು ಹೊತ್ತಿಗೋ ನಾಳೆ ಸುಮಾರು 50 ನಿಮಿಷ ತಡವಾಗಿ.

‘ಹೋದ ವರ್ಷ ಇಲ್ಲೇ ಆಡಿದ್ದೆವು, ಏನೂ ಆಗಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಮರಳಿನ ದಿಬ್ಬಗಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತವೆ. ಕೆಲವೊಮ್ಮೆ ವಾರದೊಳಗೇ.

ಇದನ್ನೆಲ್ಲ ಗುರುತಿಸಲು ನಿಮಗೆ ಬರದಿದ್ದರೂ ಪರವಾಗಿಲ್ಲ. ಗುರುತಿಸುವುದೇ ಕೆಲಸವಾಗಿರುವ ಜನ ಅಲ್ಲೇ ಇದ್ದಾರೆ. 2008ರಿಂದ ಗೋವಾದ ಬೀಚುಗಳನ್ನು ದೃಷ್ಟಿ ಸಂಸ್ಥೆಯ ಲೈಫ್‌ಗಾರ್ಡ್‌ಗಳು ಕಾಯುತ್ತಿದ್ದಾರೆ. ಸಾಮಾನ್ಯವಾಗಿ ಬೆಳಿಗ್ಗೆ 7.30ರಿಂದ ಸಂಜೆ 6ರವರೆಗೆ ಕಾವಲು ಗೋಪುರದಲ್ಲಿರುತ್ತಾರೆ. ಕೆಂಪು-ಹಳದಿ ಎರಡು ಬಣ್ಣದ ಬಾವುಟಗಳು ಎರಡು ಕಡೆ ನೆಟ್ಟಿದ್ದರೆ ಅವುಗಳ ನಡುವೆ ಇಳಿಯಬಹುದು. ಪೂರ್ತಿ ಕೆಂಪು ಬಾವುಟವಿದ್ದರೆ ಇಳಿಯಬಾರದು. ಗೋಪುರದ ಹತ್ತಿರ ಹೋಗಿ ‘ಅಣ್ಣಾ, ಮಕ್ಕಳಿದ್ದಾರೆ, ಎಲ್ಲಿ ಇಳಿಯೋಣ?’ ಎಂದು ಹಿಂದಿಯಲ್ಲೋ ಬಂದಷ್ಟು ಕೊಂಕಣಿಯಲ್ಲೋ ಕೇಳಿ. ಸಂತೋಷದಿಂದ ತೋರಿಸುತ್ತಾರೆ. ಅವರು ಸೀಟಿ ಊದಿದರೆ ಮೊದಲು ಹೊರಗೆ ಬನ್ನಿ, ವಾದ ಆಮೇಲೆ. ಅವರ ಮೇಲೆ ರೇಗುವ ಗಂಡಸರನ್ನು ನೋಡಿದಾಗ ನನಗೆ ಬಹಳ ನೋವಾಗುತ್ತದೆ. ಆ ಹುಡುಗರು ಬಿಸಿಲಲ್ಲಿ ದಿನವಿಡೀ ನಿಲ್ಲುವುದು ನಮಗಾಗಿಯೇ.

ಸಂಜೆ ಆರು ಹೊಡೆದ ಮೇಲೆ ನೀರಾಟ ಮುಗಿಯಿತು. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸೂರ್ಯಾಸ್ತವನ್ನು ಒಣ ಬಟ್ಟೆಯಲ್ಲಿ, ದಡದಲ್ಲಿ ಕೂತು ನೋಡಿ.

ನೀರಿನೊಳಗೆ

ಒಬ್ಬರು ಯಾವಾಗಲೂ ಹೊರಗೆ. ಅವರ ಕೈಯಲ್ಲಿ ಮೊಬೈಲಿಲ್ಲ, ಬಾಯಲ್ಲಿ ಹರಟೆಯಿಲ್ಲ, ಕಣ್ಣು ನೀರಿನ ಮೇಲೆ. 15-20 ನಿಮಿಷಕ್ಕೆ ಆಳು ಬದಲಿಸಿ, ಬದಲಿಸುವಾಗ ‘ಈಗ ನೀನು ನೋಡು’ ಎಂದು ಬಾಯಿಬಿಟ್ಟು ಹೇಳಿ. ದೊಡ್ಡ ಕುಟುಂಬದ ತೊಂದರೆ ಇದೇ. ಮಾವ ನೋಡುತ್ತಿದ್ದಾರೆ ಎಂದು ಅತ್ತೆ, ಅತ್ತೆ ನೋಡುತ್ತಿದ್ದಾರೆ ಎಂದು ಚಿಕ್ಕಪ್ಪ, ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಮುಳುಗುವ ಮಗು ಕೂಗುತ್ತದೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಸದ್ದೇ ಬರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದರೆ ಉಸಿರು ತೆಗೆಯಲೇ ಹೊತ್ತು ಸಾಲದು, ಕೂಗುವುದೆಲ್ಲಿಂದ?

ಮಗುವಿನ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಒದ್ದೆ ಬೆರಳು ಒಂದೇ ಅಲೆಗೆ ಜಾರುತ್ತದೆ. ಒಬ್ಬರಿಗೆ ಒಂದೇ ಮಗು. ಆಳ ಮಗುವಿನ ಮೊಣಕಾಲಿನ ಲೆಕ್ಕಕ್ಕೆ, ನಿಮ್ಮ ಮೊಣಕಾಲಿನ ಲೆಕ್ಕಕ್ಕಲ್ಲ. ಈಜು ಬಾರದ ದೊಡ್ಡವರಿಗೆ ಸೊಂಟವೇ ಗಡಿ. ಅಲೆಗೆ ಬೆನ್ನು ಮಾಡಿ ಫೋಟೋಗೆ ನಿಲ್ಲಬೇಡಿ. ಪಕ್ಕಕ್ಕೆ ತಿರುಗಿ, ಕಾಲು ಅಗಲಿಸಿ ನಿಂತರೆ ಅಲೆಯ ಹೊಡೆತ ಅರ್ಧ ಕಡಿಮೆಯಾದಂತೆ.

ಅಜ್ಜ-ಅಜ್ಜಿಯನ್ನು ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನೀರು ಬರುವಲ್ಲೇ ಕೂರಿಸುವ ಪದ್ಧತಿ ಇದೆ. ಅಲೆ ಮರಳುವಾಗ ಕುರ್ಚಿಯ ಕಾಲಿನಡಿಯ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ, ಕುರ್ಚಿ ಒಂದು ಕಡೆ ವಾಲುತ್ತದೆ. ಅದರ ಬದಲು ಇಬ್ಬರು ಎರಡು ಕಡೆ ಹಿಡಿದು ನಿಲ್ಲಿಸಿ. ನಿಂತವರು ಕಾಲಡಿ ಓಡುವ ನೀರನ್ನು ನೋಡಿದರೆ ತಲೆ ತಿರುಗುತ್ತದೆ, ದೂರ ಆಕಾಶ ಕಡಲಿಗೆ ತಾಗುವ ಕಡೆ ನೋಡಲು ಹೇಳಿ. ನಮ್ಮ ಅತ್ತೆಯವರು ಕಡಲಲ್ಲಿ ಕಾಲಿಡಲು ಹೆದರುತ್ತಿದ್ದರು. ಹೀಗೆ ಹಿಡಿದು ನಿಲ್ಲಿಸಿದ ಮೇಲೆ ಸೂರ್ಯನಿಗೆ ಅರ್ಘ್ಯ ಕೊಟ್ಟೇ ಹೊರಗೆ ಬಂದರು.

ಕುಡಿದವರು ನೀರಿಗೆ ಇಳಿಯಬಾರದು. ಒಂದೇ ಬಿಯರ್ ಕುಡಿದಿದ್ದರೂ ಇಳಿಯಬಾರದು. ಇದರಲ್ಲಿ ರಾಜಿ ಇಲ್ಲ.

ಸೆಳೆತಕ್ಕೆ ಸಿಕ್ಕರೆ

ಮೊದಲು ತಿಳಿಯಬೇಕಾದದ್ದು, ರಿಪ್ ಕರೆಂಟ್ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ. ದೂರಕ್ಕೆ ಒಯ್ಯುತ್ತದೆ, ಅಲೆ ಒಡೆಯುವ ಗೆರೆ ದಾಟಿದ ಮೇಲೆ ಸಾಮಾನ್ಯವಾಗಿ ಅದರ ಶಕ್ತಿ ಕುಂದುತ್ತದೆ. ಜನ ಮುಳುಗುವುದು ಅದಕ್ಕೆದುರಾಗಿ ದಡದ ಕಡೆ ಈಜಿ ಸುಸ್ತಾಗಿ. ಆದ್ದರಿಂದ ಎದುರು ಈಜಬೇಡಿ. ಅಂಗಾತ ಮಲಗಿ ತೇಲಿ, ಒಂದು ಕೈ ಎತ್ತಿ ಆಡಿಸಿ, ಕೂಗಿ. ಈಜು ಬಂದರೆ ದಡಕ್ಕೆ ಸಮಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ, ನೊರೆ ಕಾಣುವ ಕಡೆ ಈಜಿ. ಸೆಳೆತ ಹೆಚ್ಚಾಗಿ ಅಗಲವಿರುವುದಿಲ್ಲ. ಅದರಿಂದ ಹೊರಬಂದ ಮೇಲೆ ಅಲೆಗಳೇ ದಡಕ್ಕೆ ತಳ್ಳುತ್ತವೆ.

ದಡದಲ್ಲಿರುವವರಿಗೆ ಇನ್ನೂ ಕಷ್ಟದ ಕೆಲಸ. ತಮ್ಮ ಮುಳುಗುತ್ತಿದ್ದರೆ ಅಣ್ಣ ಹಾರುತ್ತಾನೆ, ಅಣ್ಣನ ಹಿಂದೆ ಅಪ್ಪ. ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಹಾರಬೇಡಿ. ಒಬ್ಬರು ಗೋಪುರದ ಕಡೆ ಓಡಿ, ಇನ್ನೊಬ್ಬರು ಕೈ ತೋರಿಸುತ್ತಾ ಮುಳುಗುತ್ತಿರುವವರ ಮೇಲಿಂದ ಕಣ್ಣು ತೆಗೆಯದೆ ನಿಲ್ಲಿ. ತೇಲುವ ಏನನ್ನಾದರೂ ಎಸೆಯಿರಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ನೀರಿನ ಕ್ಯಾನು ಸಾಕು, ಹಿಡಿದುಕೊಂಡವರನ್ನು ಅದು ತೇಲಿಸುತ್ತದೆ. ಕುಡಿದು ಖಾಲಿಯಾದ ಕ್ಯಾನನ್ನು ಗಾಡಿಗೆ ಹಾಕಬೇಡಿ, ನೀರಾಟ ಮುಗಿಯುವವರೆಗೆ ಕಾವಲಿನವರ ಪಕ್ಕದಲ್ಲೇ ಇರಲಿ.

ಬಂಡೆ, ಜೆಲ್ಲಿಫಿಶ್, ಮೋಟರ್ ಬೋಟು

ಅಂಜುಣಾ, ವಾಗತೋರ್ ಕಡೆ ಬಂಡೆಗಳ ಮೇಲೆ ಪಾಚಿ. ಒಣಗಿದಂತೆ ಕಂಡರೂ ಜಾರುತ್ತದೆ. ಸೆಲ್ಫಿಗೆ ಹತ್ತಬೇಡಿ.

ಜೆಲ್ಲಿಫಿಶ್ ಕುಟುಕಿದರೆ ಉಜ್ಜಬೇಡಿ, ಕುಡಿಯುವ ನೀರು ಸುರಿಯಬೇಡಿ. ಕಡಲ ನೀರಲ್ಲೇ ತೊಳೆಯಿರಿ. ಅಂಟಿದ ದಾರಗಳನ್ನು ಬರಿಗೈಯಲ್ಲಿ ಮುಟ್ಟದೆ ಚಿಮುಟದಿಂದ ಮೆಲ್ಲಗೆ ತೆಗೆದು, ಲೈಫ್‌ಗಾರ್ಡ್‌ಗೆ ತೋರಿಸಿ. ದಡದಲ್ಲಿ ನೀಲಿ ಗುಳ್ಳೆಯಂತೆ ಬಿದ್ದಿರುವುದನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ, ಸತ್ತ ಮೇಲೂ ಅದು ಕುಟುಕುತ್ತದೆ.

ಜೆಟ್ ಸ್ಕೀ, ಬನಾನಾ ರೈಡ್ ಮಾಡಿಸುವವರು ಲೈಫ್ ಜಾಕೆಟ್ ಕೊಡುತ್ತಾರೆ. ಹಾಕಿದ ಮೇಲೆ ಭುಜದ ಕಡೆ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿವರೆಗೆ ಬಂದರೆ ಅದು ಸಡಿಲ, ಬೇರೆ ಕೇಳಿ. ಬಕಲ್ ಮುರಿದಿದ್ದನ್ನು ದಾರ ಕಟ್ಟಿ ಕೊಟ್ಟರೆ ದುಡ್ಡು ವಾಪಸ್ ಕೇಳಿ ಬನ್ನಿ. ಚಿಕ್ಕ ಮಕ್ಕಳಿಗೆ ಪ್ಯಾರಾಸೈಲಿಂಗ್ ಬೇಡ, ಎಷ್ಟೇ ಅತ್ತರೂ.

ಮಣಿಸರ, ಶಾಲು ಹಿಡಿದು ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ನಮ್ಮ ಉತ್ತರ ಕರ್ನಾಟಕದ ಲಂಬಾಣಿ ಅಕ್ಕಂದಿರು. ಕನ್ನಡದಲ್ಲೇ ಮಾತಾಡಿ. ಬೇಡವಾದರೆ ‘ಬ್ಯಾಡ್ರಿ ಅಕ್ಕಾ’ ಅಂದರೆ ಸಾಕು, ರೇಗಬೇಕಿಲ್ಲ.

ಹೊರಗೆ ಬಂದ ಮೇಲೆ

ತಲೆ ಎಣಿಸಿ. ಆಮೇಲೆ ಟವೆಲ್ಲು. ಮೈಗಂಟಿದ ಮರಳಿಗೆ ಟವೆಲ್ಲಿನಿಂದ ಉಜ್ಜಿದರೆ ಮಕ್ಕಳ ಚರ್ಮ ಕೆಂಪಾಗುತ್ತದೆ. ನೀರು ಆರಿದ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಹಾಕಿ ಕೈಯಲ್ಲಿ ಸವರಿ, ಮರಳು ತಾನಾಗಿ ಉದುರುತ್ತದೆ. ರೂಮಿಗೆ ಹೋದ ಕೂಡಲೇ ಸಿಹಿನೀರಲ್ಲಿ ಸ್ನಾನ.

ನೀರು ಕುಡಿದು ಉಸಿರುಗಟ್ಟಿದ ಮಗು ಹೊರಗೆ ಬಂದ ಮೇಲೆ ಚೆನ್ನಾಗಿದ್ದರೂ ಅವತ್ತು ಪೂರ್ತಿ ಗಮನ ಇಡಿ. ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಮಂಕಾಗಿ ನಿದ್ದೆಗೆ ಜಾರಿದರೆ 108ಕ್ಕೆ ಫೋನು ಮಾಡಿ. ಪಣಜಿ ಹತ್ತಿರ ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜು, ಮಡಗಾಂವ್‌ನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಬೆಳಿಗ್ಗೆ ನೋಡೋಣ ಎಂದು ಕಾಯುವುದು ಬೇಡ.

ಊರಿಗೆ ಹೊರಡುವ ದಿನ ನೀರಾಟ ಇಟ್ಟುಕೊಳ್ಳಬೇಡಿ. ರೂಮು ಖಾಲಿ ಮಾಡುವ ಅವಸರ, ಕಾವಲಿಗೆ ಯಾರೂ ಇಲ್ಲ, ಸ್ನಾನಕ್ಕೆ ಜಾಗವಿಲ್ಲ, ಒದ್ದೆ ಬಟ್ಟೆಯ ಗಂಟು, ಗಾಡಿ ಓಡಿಸುವವರಿಗೂ ಸುಸ್ತು. ಆ ಬೆಳಿಗ್ಗೆ ಮಡಗಾಂವ್ ಮಾರ್ಕೆಟ್‌ಗೆ ಹೋಗಿ. ಕೋಕಂ, ಗೋಡಂಬಿ ಕೊಳ್ಳಿ, ಹೊಟ್ಟೆ ತುಂಬಾ ತಿಂಡಿ ತಿನ್ನಿ. ಅನಮೋಡ ಘಾಟಿನ ಕಡೆಗೋ ಚೋರ್ಲಾ ಕಡೆಗೋ, ಬೆಳಕಿರುವಾಗಲೇ ಘಾಟಿ ಹತ್ತಿ ಮುಗಿಸುವಂತೆ ಹೊರಡಿ.